ಶೋಧನೆ, ಪ್ರೇರಣೆ, ಅಧೀನತೆ: ಕನ್ನಡ ಕ್ರೈಸ್ತ ಪರಿಭಾಷೆಯ ಒಂದು ವಿವೇಚನೆ (ನೆರಿಯದ ಪರಿಸರವನ್ನು ಅನುಲಕ್ಷಿಸಿ)

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಟ್ಟದ ತಪ್ಪಲಿಗೆ ಹೊಂದಿಕೊಂಡಿರುವ ನೆರಿಯ ಗ್ರಾಮವು ಭಾಷಾಧ್ಯಯನದ ದೃಷ್ಟಿಯಿಂದ ಗಮನಿಸತಕ್ಕ ಪ್ರದೇಶ. ಇಲ್ಲಿಯ ಜನಜೀವನದ ಮಾತು ತುಳು. ಶಾಲೆ, ಪಂಚಾಯತು, ಪತ್ರಿಕೆಗಳ ಮಾತು ಕನ್ನಡ. ಇದರೊಡನೆ, ಕಳೆದ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರು ಮತ್ತು ಮಲಬಾರು ಪ್ರದೇಶಗಳಿಂದ ಬಂದು ಘಟ್ಟದ ಬುಡದಲ್ಲಿ ನೆಲೆನಿಂತ ಕ್ರೈಸ್ತ ಕೃಷಿಕರ ಮಲಯಾಳಂ ಇದೆ. ಇವರಲ್ಲಿ ಬಹುಪಾಲು ಜನ ಸೀರೋ ಮಲಬಾರ್ ಸಂಪ್ರದಾಯದ ಕಥೋಲಿಕರು. ಇವರ ಆಧ್ಯಾತ್ಮಿಕ ಆಡಳಿತವು ಮೊದಲು 1953ರಲ್ಲಿ ಸ್ಥಾಪಿತವಾದ ತಲಶ್ಶೇರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು, 1999ರಲ್ಲಿ ಬೆಳ್ತಂಗಡಿಯೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ತಾಲೂಕಿನ ಉಜಿರೆ, ಮಡಂತ್ಯಾರು ಮೊದಲಾದೆಡೆಗಳ ಕಥೋಲಿಕರು ಮಾತನಾಡುವುದು ಕೊಂಕಣಿ. ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಮಂಗಳೂರಿನಲ್ಲಿ 1834ರಿಂದ ನೆಲೆಯೂರಿದ ಬಾಸೆಲ್ ಮಿಷನ್ನಿನ ಪರಂಪರೆಯವರ ಬೈಬಲು ಕನ್ನಡದ್ದು. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಒಂದೇ ಧರ್ಮದ ಒಂದೇ ಪ್ರಾರ್ಥನೆ ಮೂರು ಭಾಷೆಗಳಲ್ಲಿ ಪಠಿತವಾಗುತ್ತದೆ.

ಯೇಸು ತನ್ನ ಶಿಷ್ಯರಿಗೆ ಕಲಿಸಿದನೆಂದು ಮತ್ತಾಯ ಮತ್ತು ಲೂಕರ ಸುವಾರ್ತೆಗಳು ಹೇಳುವ ಪ್ರಾರ್ಥನೆಯ ಕೊನೆಯ ಬೇಡಿಕೆಗಳನ್ನು ಈ ಮೂರು ಭಾಷೆಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗ್ರೀಕ್ ಮೂಲದ ‘ಪೈರಾಸ್ಮೊಸ್’ ಎಂಬ ಒಂದೇ ಪದಕ್ಕೆ ಮಲಯಾಳಂ ಕಥೋಲಿಕರು ‘ಪ್ರಲೋಭನ’ ಎನ್ನುತ್ತಾರೆ. ಮಲಯಾಳಂ ಪ್ರೊಟೆಸ್ಟೆಂಟರ ಬೈಬಲು ‘ಪರೀಕ್ಷೆ’ ಎನ್ನುತ್ತದೆ. ಕೊಂಕಣಿಯಲ್ಲಿ ‘ತಾಳ್ಣಿ’ ಎಂಬ ಪದವಿದೆ. ಕನ್ನಡದಲ್ಲಿ ‘ಶೋಧನೆ’ ಬಳಕೆಯಾಗಿದೆ. ತಮಿಳಿನಲ್ಲಿಯೂ ಕನ್ನಡದ್ದೇ ಪದ, ‘ಸೋದನೈ’ ಎಂಬ ರೂಪದಲ್ಲಿದೆ. ಒಬ್ಬನು ಸೆಳೆತವೆಂದದ್ದನ್ನು ಮತ್ತೊಬ್ಬನು ಪರೀಕ್ಷೆಯೆಂದರೆ, ಅದನ್ನು ತಂದೊಡ್ಡುವವನು ಯಾರು ಎಂಬ ಪ್ರಶ್ನೆಗೆ ಉತ್ತರವೂ ಬೇರೆಯಾಗುತ್ತದೆ. ಪರೀಕ್ಷೆಯನ್ನು ಗುರು ಮಾಡಬಹುದು, ದೇವರೂ ಮಾಡಬಹುದು. ಪ್ರಲೋಭನವನ್ನು ದೇವರು ಮಾಡುತ್ತಾನೆಂದರೆ ಭಕ್ತನ ಮನಸ್ಸು ಒಪ್ಪದು. ದೇವರಿಗೆ ಅಧೀನವಾಗುವುದು ಮತ್ತು ಶೋಧನೆಯನ್ನು ಎದುರಿಸುವುದು ಕ್ರೈಸ್ತ ಜೀವನದ ಕೇಂದ್ರದಲ್ಲಿರುವ ಎರಡು ಕ್ರಿಯೆಗಳು. ಅವುಗಳನ್ನು ಹೆಸರಿಸಲು ಕನ್ನಡ ಆಯ್ದುಕೊಂಡ ಪದಗಳು ಏನನ್ನು ತೋರಿಸುತ್ತವೆ, ಏನನ್ನು ಮರೆಸುತ್ತವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಬೈಬಲಿನ ಚರಿತ್ರೆ ಸ್ಥೂಲವಾಗಿ ಎಲ್ಲರಿಗೂ ತಿಳಿದದ್ದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಅನುವಾದವು 1831ರ ಹೊತ್ತಿಗೆ ಪೂರ್ಣ ಬೈಬಲಾಗಿ ಹೊರಬಂದಿತು. ಮುಂದೆ ಬಾಸೆಲ್ ಮಿಷನ್ನಿನ ವಿದ್ವಾಂಸರೂ ಸೇರಿ ಅದನ್ನು ಪರಿಷ್ಕರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಪರಿಷ್ಕರಣ ನಡೆಯಿತು. ಇಂದು ‘ಸತ್ಯವೇದವು’ ಎಂಬ ಹೆಸರಿನಲ್ಲಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ರೂಢಿಯಲ್ಲಿರುವ ಪಠ್ಯವು ಈ ಪರಂಪರೆಯದು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ಅನಂತರ ದೇಶಭಾಷೆಗಳು ಕಥೋಲಿಕ ಆರಾಧನೆಗೆ ಪ್ರವೇಶಿಸಿದುದರಿಂದ ಕನ್ನಡ ಪೂಜಾಭಾಷೆಯೊಂದು ಹೊಸದಾಗಿ ರೂಪುಗೊಂಡಿತು. ಈ ಎರಡು ಧಾರೆಗಳು ಅನೇಕ ಪದಗಳಲ್ಲಿ ಭಿನ್ನವಾಗಿವೆ. ಒಂದರ ‘ಪರಲೋಕ’ ಇನ್ನೊಂದರಲ್ಲಿ ‘ಸ್ವರ್ಗ’. ಆದರೆ ‘ಶೋಧನೆ’ಯ ವಿಷಯದಲ್ಲಿ ಎರಡೂ ಒಂದೇ.

‘ಶೋಧನೆ’ಯ ಮೂಲ ‘ಶುಧ್’ ಧಾತು. ಶುದ್ಧಗೊಳಿಸುವುದು ಅದರ ಮೊದಲ ಅರ್ಥ. ಆಯುರ್ವೇದದಲ್ಲಿ ದೋಷಗಳನ್ನು ದೇಹದಿಂದ ಹೊರಹಾಕುವ ಚಿಕಿತ್ಸೆ ಶೋಧನ. ಒಳಗೇ ತಣಿಸುವುದು ಶಮನ. ಅಕ್ಕಸಾಲಿಗನು ಚಿನ್ನವನ್ನು ಪುಟಕ್ಕಿಟ್ಟು ಶೋಧಿಸುತ್ತಾನೆ. ಹುಡುಕುವುದು, ಪರಿಶೀಲಿಸುವುದು ಎಂಬ ಅರ್ಥಗಳು ಇದರಿಂದಲೇ ಬಂದವು. (ಈ ಪತ್ರಿಕೆಯ ಓದುಗರಾದ ನಾವೆಲ್ಲ ‘ಸಂಶೋಧಕ’ರೆನಿಸಿಕೊಂಡಿರುವುದೂ ಇದೇ ಧಾತುವಿನ ಬಲದಿಂದ.) ಆದುದರಿಂದ ಕನ್ನಡದ ಕಿವಿಗೆ ‘ಶೋಧನೆ’ ಎಂದಾಗ ಬೆಂಕಿ, ಪುಟ, ಕಿಟ್ಟ ಕಳೆದು ಉಳಿಯುವ ಅಪರಂಜಿ ಇವುಗಳ ಧ್ವನಿ ಕೇಳಿಸುತ್ತದೆ. ಇದು ಬೈಬಲಿಗೆ ಪರಕೀಯವಾದ ಭಾವವಲ್ಲ. ಭಕ್ತನನ್ನು ಬೆಂಕಿಯಲ್ಲಿ ಪರಿಶೋಧಿಸಿದ ಚಿನ್ನಕ್ಕೆ ಹೋಲಿಸುವ ಮಾತು ಹಳೆಯ ಒಡಂಬಡಿಕೆಯಲ್ಲಿಯೂ ಪೇತ್ರನ ಪತ್ರಿಕೆಯಲ್ಲಿಯೂ ಇದೆ. ಅಬ್ರಹಾಮನು ಮಗನನ್ನು ಬಲಿಗೊಡಲು ಹೊರಟ ಪ್ರಸಂಗಕ್ಕೆ ಈ ಪದ ಅತ್ಯಂತ ಹೊಂದುತ್ತದೆ.

ಇಷ್ಟೇ ಅಲ್ಲ, ಈ ಪದಕ್ಕೆ ಕನ್ನಡದಲ್ಲಿ ಮೊದಲೇ ಸಿದ್ಧವಾದ ಒಂದು ಕಥನಭೂಮಿಕೆ ಇತ್ತು. ಶೈವ ಪುರಾಣಸಾಹಿತ್ಯದ ಸಿರಿಯಾಳನ ಕಥೆಯಲ್ಲಿ ಶಿವನು ಜಂಗಮವೇಷದಿಂದ ಬಂದು ಭಕ್ತನ ಮಗನ ಮಾಂಸವನ್ನೇ ಬೇಡುತ್ತಾನೆ. ಕೊನೆಗೆ ಮಗನು ಬದುಕಿ ಬರುತ್ತಾನೆ. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ದಲ್ಲಿ ವಿಶ್ವಾಮಿತ್ರನು ಪರೀಕ್ಷಕ, ತಾನೇ ಸೃಷ್ಟಿಸಿದ ಕನ್ಯೆಯರನ್ನು ಮುಂದೊಡ್ಡಿ ಅರಸನನ್ನು ಸತ್ಯದಿಂದ ಜಾರಿಸಲು ಯತ್ನಿಸುವವನೂ ಅವನೇ, ಕೊನೆಯಲ್ಲಿ ತನ್ನ ಪುಣ್ಯಫಲವನ್ನು ಧಾರೆಯೆರೆಯುವವನೂ ಅವನೇ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನನ್ನು ಮೋಹಿಸಲು ಬರುವ ಮಾಯೆ ಹೊರಗಿನ ಶತ್ರುವಲ್ಲ, ಪಾರ್ವತಿಯ ತಾಮಸಾಂಶ; ಶಿವಪಾರ್ವತಿಯರ ಸಂವಾದದಲ್ಲಿ ಹುಟ್ಟಿದ ಒಂದು ಪಂಥದ ಫಲವಾಗಿ ಅವಳು ಭೂಮಿಗೆ ಬರುತ್ತಾಳೆ. ಈ ಮೂರೂ ಕಡೆ ಒಡ್ಡುವವರು ಬೇರೆಯಾದರೂ ಒಡ್ಡುವ ಅಧಿಕಾರ ಮೇಲಿನಿಂದಲೇ ಬಂದದ್ದು. ಪರೀಕ್ಷೆ ಮತ್ತು ಪ್ರಲೋಭನೆಗಳು ಇಲ್ಲಿ ಒಂದೇ ಕೈಯ ಎರಡು ಮಗ್ಗುಲು. ಕೇಳುಗನಿಗೆ ಮೊದಲೇ ಗೊತ್ತು: ಇದು ದೇವರ ಆಟ, ಕೊನೆಗೆ ತೆರೆ ಸರಿಯುತ್ತದೆ. ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’ ಎಂದು ಕಷ್ಟದಲ್ಲಿರುವವರನ್ನು ಸಂತೈಸುವ ನಮ್ಮ ನಿತ್ಯದ ಮಾತು ಈ ನಂಬಿಕೆಯ ಮೇಲೆ ನಿಂತಿದೆ. ಬೈಬಲಿನ ‘ಶೋಧನೆ’ಯನ್ನು ಕನ್ನಡಿಗರು ಅರ್ಥೈಸಿಕೊಂಡದ್ದು ಈ ಹಿನ್ನೆಲೆಯಲ್ಲಿಯೇ ಎನ್ನಬಹುದು.

ತೊಡಕು ಬರುವುದು ಯಾಕೋಬನ ಪತ್ರಿಕೆಯಲ್ಲಿ. ಹೊಸ ಒಡಂಬಡಿಕೆಯ ಈ ಚಿಕ್ಕ ಪತ್ರಿಕೆಯ ಮೊದಲನೆಯ ಅಧ್ಯಾಯದ ಆರಂಭದಲ್ಲಿ ‘ಪೈರಾಸ್ಮೊಸ್’ ಸಂತೋಷಕ್ಕೆ ಕಾರಣ. ನಂಬಿಕೆಯನ್ನು ಒರೆಹಚ್ಚಿ ತಾಳ್ಮೆಯನ್ನು ಬೆಳೆಸುವಂಥದು. ಹತ್ತು ವಾಕ್ಯಗಳು ಕಳೆಯುವುದರೊಳಗೆ ಅದೇ ಧಾತುವಿನ ಕ್ರಿಯಾಪದ ಮತ್ತೆ ಬರುತ್ತದೆ, ಆದರೆ ಈಗ ಪಾಪದೆಡೆಗೆ ಸೆಳೆಯುವುದೆಂಬ ಅರ್ಥದಲ್ಲಿ. ಇದು ದೇವರಿಂದ ಬಂತೆಂದು ಯಾರೂ ಹೇಳಕೂಡದೆಂದು ಯಾಕೋಬನು ಖಂಡಿತವಾಗಿ ನಿಷೇಧಿಸುತ್ತಾನೆ. ಮನುಷ್ಯನನ್ನು ಎಳೆದೊಯ್ಯುವುದು ಅವನವನ ಆಸೆಯೇ ಹೊರತು ದೇವರಲ್ಲ ಎನ್ನುತ್ತಾನೆ. ಗ್ರೀಕಿನಲ್ಲಿ ಒಂದೇ ಪದವು ಎರಡು ಅರ್ಥಗಳ ನಡುವೆ ಹೊರಳುವುದರಿಂದ ವಾದಕ್ಕೆ ಬಿಗಿ ಬಂದಿದೆ. ಕನ್ನಡ ಅನುವಾದಕರು ಈ ಹೊರಳುವಿಕೆಯನ್ನು ಗುರುತಿಸಿದರು. ‘ಸತ್ಯವೇದ’ದಲ್ಲಿ ಎರಡನೆಯ ಸ್ಥಳಕ್ಕೆ ‘ಶೋಧನೆ’ಯನ್ನು ಬಿಟ್ಟು ‘ಪ್ರೇರಣೆ’ ಎಂಬ ಪದವನ್ನು ಬಳಸಲಾಗಿದೆ. ಇದು ಜಾಣ ಪರಿಹಾರ. ಕಿಟ್ಟ ಕಳೆಯುವ ಕೆಲಸವೊಂದು, ಕೆಡುಕಿಗೆ ತಳ್ಳುವ ಕೆಲಸ ಮತ್ತೊಂದು ಎಂಬ ವಿವೇಕವನ್ನು ಕನ್ನಡ ಓದುಗನು ಪದಗಳಿಂದಲೇ ಪಡೆಯುತ್ತಾನೆ. ನಷ್ಟವೂ ಇದೆ. ಒಂದೇ ಸನ್ನಿವೇಶ ಒಬ್ಬನಿಗೆ ಪುಟವಾಗಿ, ಮತ್ತೊಬ್ಬನಿಗೆ ಜಾರುಬಂಡೆಯಾಗಿ ಪರಿಣಮಿಸಬಲ್ಲುದೆಂಬ ಮೂಲದ ಸೂಕ್ಷ್ಮ ಕನ್ನಡದಲ್ಲಿ ಮಸುಕಾಗಿದೆ. ಅಲ್ಲದೆ, ಅರಣ್ಯದಲ್ಲಿ ಯೇಸುವನ್ನು ಸೈತಾನನು ಪೀಡಿಸುವ ಪ್ರಸಂಗಕ್ಕೆ ‘ಶೋಧಿಸು’ ಎಂಬ ಕ್ರಿಯಾಪದವೇ ಉಳಿದುಕೊಂಡಿದೆ. ಶುದ್ಧಗೊಳಿಸುವ ಕ್ರಿಯೆಗೆ ಸೈತಾನನು ಕರ್ತೃವಾಗುವ ವಿಚಿತ್ರ ವಾಕ್ಯ ಕನ್ನಡಕ್ಕೆ ಹೀಗೆ ಒದಗಿತು.

ಈ ಚರ್ಚೆ ಕೇವಲ ಪಂಡಿತರ ಪದವಿಲಾಸವೆಂದು ಭಾವಿಸಬೇಕಾಗಿಲ್ಲ. ರೋಗಶಯ್ಯೆಯಲ್ಲಿರುವವನಿಗೆ, ಅಡಿಕೆಗೆ ಕೊಳೆರೋಗ ಬಂದು ಬೆಳೆ ಕಳೆದುಕೊಂಡವನಿಗೆ ‘ಇದು ದೇವರ ಶೋಧನೆ’ ಎಂದರೆ ಆ ಮಾತಿನಲ್ಲಿ ಸಾಂತ್ವನವಿದೆ. ಕುಡಿತಕ್ಕೆ ಬಿದ್ದವನು ತನ್ನ ಕುಡಿತವನ್ನು, ಹೆಂಡತಿಗೆ ಹೊಡೆಯುವವನು ತನ್ನ ಕೋಪವನ್ನು ಅದೇ ಪದದಿಂದ ಕರೆದರೆ ಹೊಣೆ ದೇವರ ಮೇಲೆ ಬೀಳುತ್ತದೆ. ಯಾಕೋಬನು ತಡೆಯಹೊರಟದ್ದು ಇದನ್ನೇ. ಇದೇ ಆತಂಕ ಇತ್ತೀಚೆಗೆ ಜಗತ್ತಿನ ಇತರೆಡೆಯೂ ಕಾಣಿಸಿಕೊಂಡಿತು. ಫ್ರಾನ್ಸಿನ ಕಥೋಲಿಕರು 2017ರ ಡಿಸೆಂಬರಿನಲ್ಲಿ ಪ್ರಾರ್ಥನೆಯ ಈ ವಾಕ್ಯವನ್ನು, ಶೋಧನೆಯೊಳಗೆ ನಾವು ಪ್ರವೇಶಿಸಲು ಬಿಡಬೇಡ ಎಂಬ ಅರ್ಥ ಬರುವಂತೆ ಬದಲಿಸಿಕೊಂಡರು. ಪೋಪ್ ಫ್ರಾನ್ಸಿಸ್ ಆ ಬದಲಾವಣೆಯನ್ನು ಮೆಚ್ಚಿ ಮಾತನಾಡಿದರು. ಇಟಲಿಯ ಪೂಜಾಗ್ರಂಥವೂ 2020ರಲ್ಲಿ ಹಾಗೆಯೇ ಬದಲಾಯಿತು. ಕೊಂಕಣಿಗರಿಗೆ ಈ ವಿವಾದ ಹೊಸದೆನಿಸಬೇಕಾಗಿರಲಿಲ್ಲ. ಪೋರ್ಚುಗೀಸ್ ಪ್ರಾರ್ಥನೆಯ ಜಾಡಿನಲ್ಲಿ ಬಂದ ಅವರ ಪಾಠದ ಅರ್ಥ, ಶೋಧನೆಯಲ್ಲಿ ಬೀಳಲು ನಮ್ಮನ್ನು ಬಿಡಬೇಡ ಎಂದೇ ಇದೆ. ಬೀಳುವವನು ಮನುಷ್ಯ, ಹಿಡಿಯುವವನು ದೇವರು. ಪ್ಯಾರಿಸ್ಸು ಮತ್ತು ರೋಮುಗಳಲ್ಲಿ ಚರ್ಚೆಯಾಗಿ ಬಂದ ತಿದ್ದುಪಡಿಯ ತಿರುಳು ನಮ್ಮ ಕರಾವಳಿಯ ಮನೆಗಳ ಸಂಜೆಯ ಪ್ರಾರ್ಥನೆಯಲ್ಲಿ ಮೊದಲಿನಿಂದಲೂ ಇತ್ತೆಂಬುದು ಗಮನಾರ್ಹ.

ಪ್ರಾರ್ಥನೆಯ ಮುಂದಿನ ಪದವೂ ವಿಚಾರಾರ್ಹ. ಯಾವುದರಿಂದ ಬಿಡುಗಡೆಯನ್ನು ಬೇಡಲಾಗಿದೆಯೋ ಅದನ್ನು ಸೂಚಿಸುವ ಗ್ರೀಕ್ ರೂಪವು ನಪುಂಸಕವೂ ಆಗಬಹುದು, ಪುಲ್ಲಿಂಗವೂ ಆಗಬಹುದು; ಕೆಡುಕು ಎಂದೂ ಕೆಡುಕನು ಎಂದೂ ಓದಬಹುದು. ಮಲಯಾಳಂ ಕಥೋಲಿಕರ ಪಾಠ ಇಲ್ಲಿ ‘ದುಷ್ಟಾರೂಪಿ’ ಎನ್ನುತ್ತದೆ. ಅಂದರೆ ರೂಪವಿಲ್ಲದ ದುಷ್ಟಶಕ್ತಿ, ಒಬ್ಬ ವ್ಯಕ್ತಿ. ಕನ್ನಡದ ಪಾಠ ‘ಕೇಡು’ ಎನ್ನುತ್ತದೆ. ‘ಕಿಡು’ ಎಂಬ ಹಳೆಯ ಧಾತುವಿನಿಂದ ಬಂದ ಈ ದೇಸಿ ಪದವು ಹಾಳಾಗುವುದನ್ನು, ಇದ್ದುದು ಇಲ್ಲದಾಗುವುದನ್ನು ಸೂಚಿಸುತ್ತದೆ. ಅದು ಹೊರಗಿನಿಂದ ಮೈಮೇಲೆ ಬೀಳುವ ಶತ್ರುವಲ್ಲ. ಹಾಲು ಕೆಡುವಂತೆ ಒಳಗಿನಿಂದಲೇ ಆಗುವ ವಿಕಾರ. ನನ್ನ ಮಟ್ಟಿಗೆ ಇದು ಕನ್ನಡ ಅನುವಾದದ ಅತ್ಯುತ್ತಮ ಆಯ್ಕೆಗಳಲ್ಲೊಂದು.

ತುಳುನಾಡಿನಲ್ಲಿ ಈ ಆಯ್ಕೆಗೆ ಇನ್ನೊಂದು ಮಹತ್ವವೂ ಇದೆ. ಕನ್ನಡ ಬೈಬಲು ದುಷ್ಟಶಕ್ತಿಗಳಿಗೆ ‘ದೆವ್ವ’ ಎಂಬ ಪದವನ್ನು ಬಳಸುತ್ತದೆ. ಅದು ‘ದೈವ’ದ ತದ್ಭವ. ತುಳುವರಿಗೆ ದೈವವೆಂದರೆ ಊರನ್ನು ಕಾಯುವ, ನ್ಯಾಯ ಹೇಳುವ, ತಪ್ಪಿದವನನ್ನು ಕೇಳುವ ಶಕ್ತಿ. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ಬರಹಗಳು ಭೂತಾರಾಧನೆಯನ್ನು ಸೈತಾನಪೂಜೆಯೆಂದು ಕರೆದವು. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದದ್ದು ಕೂಡ ಅಂಥ ಶೀರ್ಷಿಕೆಯ ಅಡಿಯಲ್ಲಿಯೇ. ಪಾಡ್ದನಗಳನ್ನು ಉಳಿಸಿಕೊಟ್ಟ ಉಪಕಾರವನ್ನು ನೆನೆಯುತ್ತಲೇ, ಆ ಹೆಸರು ಮಾಡಿದ ಅಪಚಾರವನ್ನೂ ಹೇಳಬೇಕಾಗುತ್ತದೆ. ಸೈತಾನನನ್ನು ಎದುರಿಸಬೇಕೆಂಬ ಯಾಕೋಬನ ಉಪದೇಶವನ್ನು ನೆರೆಮನೆಯವನ ದೈವದ ಗುಡಿಯತ್ತ ಕೈತೋರಿಸಿ ಓದುವವನಿಗೆ ಆ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಅರ್ಥವಾಗಿಲ್ಲ. ಆ ಅಧ್ಯಾಯ ತೆರೆದುಕೊಳ್ಳುವುದು ಸಭೆಯೊಳಗಿನ ಜಗಳಗಳಿಂದ. ಆ ಜಗಳಗಳ ಮೂಲ ಕೇಳುಗರ ಸ್ವಂತ ಭೋಗಾಸೆಗಳಲ್ಲಿದೆ ಎಂಬುದು ಅಲ್ಲಿಯ ವಾದ. ಎದುರಿಸಬೇಕಾದದ್ದು ತನ್ನ ಅಂಗಳದಲ್ಲಿಯೇ ಇದೆ.

ಇನ್ನು ಅಧೀನತೆಯ ವಿಚಾರ. ಯಾಕೋಬನು ಒಂದೇ ಉಸಿರಿನಲ್ಲಿ ಎರಡು ಆಜ್ಞೆಗಳನ್ನು ಕೊಡುತ್ತಾನೆ: ಮೊದಲು ದೇವರಿಗೆ ಒಳಪಡುವುದು, ಅನಂತರ ಸೈತಾನನನ್ನು ಎದುರಿಸುವುದು. ಮೊದಲನೆಯದಕ್ಕೆ ಗ್ರೀಕಿನಲ್ಲಿರುವ ‘ಹುಪೊತಾಸ್ಸೊ’ ಎಂಬುದು ಒಬ್ಬನ ಕೆಳಗೆ ಸಾಲಾಗಿ ನಿಲ್ಲುವುದೆಂಬ ಅರ್ಥದ, ಸೈನ್ಯದಲ್ಲಿಯೂ ಬಳಕೆಯಿದ್ದ ಕ್ರಿಯಾಪದ; ಎರಡನೆಯ ಪದದ ಅರ್ಥ ಎದುರಾಗಿ ನಿಲ್ಲುವುದು. ಎರಡೂ ನಿಲುವಿನ ಪದಗಳೇ. ಯಾರ ಕೆಳಗೆ ನಿಂತಿದ್ದೇನೆ ಎಂಬುದು ತಿಳಿದವನು ಯಾರೆದುರು ನಿಲ್ಲಬೇಕೆಂಬುದನ್ನು ಬಲ್ಲ. ಕನ್ನಡದಲ್ಲಿ ‘ಅಧೀನ’ ಎಂದಾಗ ಈ ಚಿತ್ರ ಮೂಡುವುದಿಲ್ಲ. ನಮಗೆ ಅಧೀನವೆಂದರೆ ಕಛೇರಿಯ ಮಾತು; ಸರ್ಕಾರದ ಆದೇಶಗಳ ಕೆಳಗೆ ಸಹಿ ಹಾಕುವ ‘ಅಧೀನ ಕಾರ್ಯದರ್ಶಿ’ಯ ನೆನಪಾಗುತ್ತದೆ. ಪೌಲನ ಪತ್ರಿಕೆಗಳಲ್ಲಿ ಪ್ರಜೆಗಳು ಅಧಿಕಾರಿಗಳಿಗೆ, ಹೆಂಡಂದಿರು ಗಂಡಂದಿರಿಗೆ ಅಧೀನರಾಗಿರಬೇಕೆಂಬಲ್ಲಿಯೂ ಇದೇ ಪದ ಬರುವುದರಿಂದ ದೇವರ ಅಧೀನತೆಯೂ ಮನೆಯ, ಆಳ್ವಿಕೆಯ ಅಧೀನತೆಯೂ ಕೇಳುಗರ ಮನಸ್ಸಿನಲ್ಲಿ ಕಲೆತುಹೋಗಿವೆ. ದುರ್ಬಲರನ್ನು ಇನ್ನಷ್ಟು ಬಗ್ಗಿಸಲು ಈ ಕಲಬೆರಕೆ ಒದಗಿಬಂದಿದೆಯೆಂದರೆ ತಪ್ಪಾಗದು. ಕೀರ್ತನೆಗಳ ಅನುವಾದದಲ್ಲಿ ‘ಶರಣಾಗತ’ ಎಂಬ ಪದ ಇದೆ. ಆದರೆ ಅದರ ಅರ್ಥ ಆಶ್ರಯ ಬೇಡುವುದು. ಅದರಲ್ಲಿ ರಕ್ಷಣೆಯ ಭಾವವಿದೆ, ಸಾಲಿನಲ್ಲಿ ನಿಲ್ಲುವ ಕಟ್ಟು ಇಲ್ಲ.

ಈ ಕಟ್ಟನ್ನು ಹೇಳುವ ಪರಿಭಾಷೆ ಕನ್ನಡದಲ್ಲಿ ಇಲ್ಲದಿರಲಿಲ್ಲ. ‘ಆಳ್’ ಎಂಬ ಕ್ರಿಯೆಗೆ ಆಳುವುದು ಎಂಬ ಅರ್ಥ. ಅದೇ ರೂಪದ ನಾಮಪದಕ್ಕೆ ಸೇವಕ, ಭಟ ಎಂಬ ಅರ್ಥ. ಒಡೆಯನಾದವನು ‘ಆಳ್ದ’. ಶಾಸನಗಳಲ್ಲಿಯೂ ಹಳಗನ್ನಡ ಕಾವ್ಯಗಳಲ್ಲಿಯೂ ಬರುವ ಜೋಳವಾಳಿ, ವೇಳೆವಾಳಿಗಳ ಕಲ್ಪನೆ ಈ ಆಳು–ಆಳ್ದರ ಸಂಬಂಧದ ಮೇಲೆ ನಿಂತಿದೆ. ಪಂಪನ ‘ವಿಕ್ರಮಾರ್ಜುನ ವಿಜಯ’ದ (ಕ್ರಿ.ಶ. 941) ಕರ್ಣನನ್ನು ಇಲ್ಲಿ ನೆನೆಯಬೇಕು. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದೊಡ್ಡುತ್ತಾನೆ; ಆಮೇಲೆ ಗಂಗಾತೀರದಲ್ಲಿ ಕುಂತಿ ಬಂದು ತಾಯ್ತನವನ್ನು ಮುಂದೊಡ್ಡುತ್ತಾಳೆ. ಕರ್ಣನು ಎರಡನ್ನೂ ಒಲ್ಲದಾಗುವುದು ವೈರಾಗ್ಯದಿಂದಲ್ಲ. ರಾಜ್ಯದ ಆಸೆ ಅವನಿಗೆ ಇರಲಿಲ್ಲವೆಂದು ಪಂಪನೂ ಹೇಳುವುದಿಲ್ಲ. ತಾನು ಯಾರ ಆಳೆಂಬುದು ಮೊದಲೇ ನಿಶ್ಚಯವಾಗಿರುವುದರಿಂದ ಆಸೆಗೆ ಅಲ್ಲಿ ಎಡೆಯಿಲ್ಲ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನನು ಲೋಕದ ರಾಜ್ಯಗಳನ್ನೆಲ್ಲ ತೋರಿಸಿ ಅಡ್ಡಬೀಳೆಂದಾಗ ಯೇಸು ಕೊಡುವ ಉತ್ತರದ ಹುರುಳೂ ಇದೇ ಜಾತಿಯದು. ರಾಜ್ಯಗಳು ನಿಸ್ಸಾರವೆಂದು ಅವನು ವಾದಿಸುವುದಿಲ್ಲ. ಆರಾಧನೆ ಯಾರಿಗೆ ಸಲ್ಲಬೇಕೆಂಬುದು ಈಗಾಗಲೇ ತೀರ್ಮಾನವಾಗಿದೆ ಎನ್ನುತ್ತಾನೆ. ಆಳ್ತನದಲ್ಲಿಯೇ ಎದುರಿಸುವ ಬಲವಿದೆ.

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು, ಏಕೆಂದರೆ ಭೇದವೂ ಅಷ್ಟೇ ದೊಡ್ಡದು. ಕರ್ಣನ ಆಳ್ದನು ದುರ್ಯೋಧನ. ಜೋಳವಾಳಿಯು ಒಡೆಯನ ಗುಣಾವಗುಣಗಳನ್ನು ವಿಚಾರಿಸುವುದಿಲ್ಲ. ಕರ್ಣನ ನಿಷ್ಠೆ ನಮಗೆ ಕಣ್ಣೀರು ತರಿಸುವುದು ಅದು ತಪ್ಪು ಬಾಗಿಲಲ್ಲಿ ಸಲ್ಲಿಕೆಯಾದುದರಿಂದಲೇ. ಕ್ರೈಸ್ತ ಚಿಂತನೆಯಲ್ಲಿ ಒಡೆಯನ ಒಳ್ಳೆಯತನವೇ ಅಧೀನತೆಗೆ ಆಧಾರ. ದೇವರು ಕೆಡುಕಿಗೆ ಪ್ರೇರೇಪಿಸುವವನಲ್ಲವೆಂದು ಯಾಕೋಬನು ಮೊದಲ ಅಧ್ಯಾಯದಲ್ಲಿಯೇ ಸ್ಥಾಪಿಸಿಕೊಂಡದ್ದು ನಾಲ್ಕನೆಯ ಅಧ್ಯಾಯದ ಆಜ್ಞೆಗೆ ಬೇಕಾದ ಪೀಠಿಕೆ. ಶೋಧಿಸುವವನೂ ಜಾರಿಸುವವನೂ ಒಬ್ಬನೇ ಆದರೆ ಅವನಿಗೆ ಒಪ್ಪಿಸಿಕೊಳ್ಳುವುದು ಹೇಗೆ? ‘ಶೋಧನೆ’ಯಿಂದ ‘ಪ್ರೇರಣೆ’ಯನ್ನು ಬೇರ್ಪಡಿಸಿದ ಕನ್ನಡ ಅನುವಾದಕರು ಈ ಪೀಠಿಕೆಯನ್ನು ಭದ್ರಪಡಿಸಿದ್ದಾರೆ.

ಒಪ್ಪಿಸಿಕೊಳ್ಳುವಿಕೆ ಮುಂದೆ, ಎದುರಿಸುವಿಕೆ ಹಿಂದೆ ಎಂಬ ಈ ಕ್ರಮವು ಕ್ರೈಸ್ತರಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದ ಏಕ್ರನ್ನಿನಲ್ಲಿ 1935ರಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘಟನೆಯ ಹನ್ನೆರಡು ಹಂತಗಳಲ್ಲಿ ಮೊದಲನೆಯದು ಕುಡಿತದ ಮುಂದೆ ತನ್ನ ಅಸಹಾಯಕತೆಯನ್ನು ಒಪ್ಪಿಕೊಳ್ಳುವುದು; ಮೂರನೆಯದು ತಾನು ತಿಳಿದಂಥ ದೇವರಿಗೆ ತನ್ನನ್ನು ಒಪ್ಪಿಸುವುದು. ನೆರಿಯದ ನೆರೆಯಲ್ಲಿಯೇ ಇರುವ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ನಡೆಸುವ ಮದ್ಯವರ್ಜನ ಶಿಬಿರಗಳೂ ಈ ತಾಲೂಕಿಗೆ ಚಿರಪರಿಚಿತ. ದೇವರ ಹೆಸರು, ಆಚರಣೆ ಬೇರೆ. ಆದರೆ ‘ನಾನೇ ಬಿಡುತ್ತೇನೆ’ ಎಂದು ಹಲವು ಬಾರಿ ಹೇಳಿ ಸೋತವನು ಮೊದಲು ಆ ‘ನಾನು’ ಎಂಬುದನ್ನು ಬೇರೊಂದರ ಕೈಗೆ ಕೊಡಬೇಕಾಗುತ್ತದೆ ಎಂಬ ಅನುಭವ ಸಮಾನ.

ಒಪ್ಪಿಸಿಕೊಳ್ಳುವ ಭಾಷೆಯಲ್ಲಿ ಸರ್ವನಾಮದ ಪಾಲೂ ಇದೆ. ‘ಸತ್ಯವೇದ’ದಲ್ಲಿ ಭಕ್ತನು ದೇವರನ್ನು ‘ನೀನು’ ಎನ್ನುತ್ತಾನೆ. ಕಥೋಲಿಕರ ಕನ್ನಡ ಪ್ರಾರ್ಥನೆಯಲ್ಲಿ ‘ನೀವು’ ಎಂಬ ಗೌರವವಾಚಕ ಬಂದಿದೆ. ವಚನಕಾರರೂ ದಾಸರೂ ದೇವರಿಗೆ ‘ನೀನು’ ಎಂದವರೇ. ಆ ಏಕವಚನದಲ್ಲಿ ಸಲುಗೆಯೂ ಇದೆ, ಜಗಳವೂ ಇದೆ. ಹಿರಿಯರಿಗೆ ಸಲ್ಲುವ ‘ನೀವು’ ಮರ್ಯಾದೆಯ ಅಂತರವನ್ನು ಉಳಿಸಿಕೊಳ್ಳುತ್ತದೆ. ಕನ್ನಡ ಭಕ್ತಿಪರಂಪರೆಗೆ ಮೊದಲನೆಯದೇ ಹತ್ತಿರ.

ಅಧೀನತೆ ಮತ್ತು ಶೋಧನೆಗಳು ಒಂದೇ ಜಾಗದಲ್ಲಿ ಕೂಡುವುದು ಗೆತ್ಸೇಮನೆಯ ತೋಟದಲ್ಲಿ. ಮರಣದ ಹಿಂದಿನ ರಾತ್ರಿ ಯೇಸು ತನ್ನ ಚಿತ್ತವನ್ನು ತಂದೆಯ ಚಿತ್ತಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಮೊದಲು ಆ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿಕೊಳ್ಳುತ್ತಾನೆ. ಅವನ ಅಧೀನತೆಯಲ್ಲಿ ಬೇಡುವುದಕ್ಕೂ ನಡುಗುವುದಕ್ಕೂ ಎಡೆಯಿದೆ. ಕಛೇರಿಯ ಅಧೀನತೆಯಲ್ಲಿ ಅದಿಲ್ಲ. ಅಲ್ಲಿಯೇ, ಕೆಲವೇ ಹೆಜ್ಜೆಗಳಾಚೆ ನಿದ್ದೆಹೋದ ಶಿಷ್ಯರನ್ನು ಎಬ್ಬಿಸಿ, ಶೋಧನೆಯ ವಿಷಯದಲ್ಲಿ ಎಚ್ಚರವಾಗಿರುವಂತೆ ಹೇಳುತ್ತಾನೆ. ‘ಸತ್ಯವೇದ’ದಲ್ಲಿ ಇಲ್ಲಿ ಬರುವ ಕ್ರಿಯಾಪದ ‘ಒಳಗಾಗು’. ಕನ್ನಡದಲ್ಲಿ ಮನುಷ್ಯನು ಕಾಯಿಲೆಗೆ ಒಳಗಾಗುತ್ತಾನೆ, ಮೋಹಕ್ಕೆ ಒಳಗಾಗುತ್ತಾನೆ, ಶೋಧನೆಗೆ ಒಳಗಾಗುತ್ತಾನೆ, ದೇವರಿಗೂ ಒಳಗಾಗುತ್ತಾನೆ. ಗ್ರೀಕಿನಲ್ಲಿ ಇವು ಬೇರೆ ಬೇರೆ ಕ್ರಿಯಾಪದಗಳು. ಅಲ್ಲಿ ಈ ನಂಟು ಇಲ್ಲ. ಕನ್ನಡವು ತನ್ನ ಸ್ವಭಾವದಿಂದಲೇ ಇವನ್ನು ಒಂದೇ ಮನೆಯ ಎರಡು ಬಾಗಿಲುಗಳನ್ನಾಗಿ ಮಾಡಿದೆ. ‘ಅಧೀನ’ವೆಂಬ ಸಂಸ್ಕೃತ ಪದಕ್ಕೆ ದೊರೆಯದ ಒಂದು ಅರ್ಥ ಈ ‘ಒಳಗು’ ಎಂಬ ದೇಸಿ ಪದಕ್ಕೆ ಸಹಜವಾಗಿಯೇ ದೊರೆತಿದೆ: ಒಂದರ ಒಳಗಿರುವವನು ಆ 순ಹೊತ್ತಿನಲ್ಲಿ ಮತ್ತೊಂದಕ್ಕೆ ಹೊರಗು.